ರಿಪೋರ್ಟ್ ಸರಿ ಇದೆ, ಆದರೂ ಬೆರಳು ಸೆಟೆದುಕೊಳ್ಳುತ್ತೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿ ಮತ್ತು ಅವಳ ತಾಯಿ ಇಬ್ಬರೂ ಒಪ್ಪಿದ ಮೇಲೆ ಬರೆದಿದ್ದೇನೆ.)

ಅವಳಿಗೆ 17 ವರ್ಷ. ದ್ವಿತೀಯ ಪಿಯುಸಿ, ಜೊತೆಗೆ ನೀಟ್ ತಯಾರಿ. ಹಾಸ್ಟೆಲ್ ವಾಸ. ಎರಡು ತಿಂಗಳಲ್ಲಿ ನಾಲ್ಕು ಸಲ ಒಂದೇ ಥರ ಆಗಿತ್ತು. ಮೊದಲು ಎದೆ ಬಿಗಿಯುತ್ತೆ, ಉಸಿರು ಸಾಲದು ಅನಿಸುತ್ತೆ. ತುಟಿ ಸುತ್ತ ಜುಮ್ಮೆನ್ನುತ್ತೆ. ಆಮೇಲೆ ಎರಡೂ ಕೈ ಸೆಟೆದುಕೊಳ್ಳುತ್ತೆ. ಎಚ್ಚರ ಮಾತ್ರ ಒಮ್ಮೆಯೂ ತಪ್ಪಿಲ್ಲ. ಕೊನೆಯ ಸಲ ಹಾಸ್ಟೆಲ್‌ನವರು ಮೂರ್ಛೆರೋಗ ಅಂದುಕೊಂಡು ಕೈಗೆ ಕೀಗೊಂಚಲು ಹಿಡಿಸಿದ್ದರು. ಊರಲ್ಲಿ ಅಜ್ಜಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದರು.

ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಕಳಿಸಿದ್ದು ಡಾಕ್ಟರು. ಇಸಿಜಿ ಸರಿ ಇತ್ತು. ಮೆಗ್ನೀಸಿಯಂ ಸರಿ ಇತ್ತು. ಕ್ಯಾಲ್ಸಿಯಂ 9.4. ಸಾಮಾನ್ಯವಾಗಿ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 8.5ರಿಂದ 10.5 ಮಿಲಿಗ್ರಾಂ ಒಳಗಿದ್ದರೆ ಸಾಕು. ಮನೆಯವರಿಗೆ ಇದರಿಂದ ಸಮಾಧಾನವಾಯಿತು. ಹುಡುಗಿಗೆ ಮಾತ್ರ ಭಯ ಜಾಸ್ತಿಯಾಯಿತು.

"ಮೇಡಂ, ಎಲ್ಲಾ ನಾರ್ಮಲ್ ಅಂದ್ರೆ ನಾನು ನಾಟಕ ಮಾಡ್ತಿದೀನಿ ಅಂತಾನಾ?" ಅಂತ ಕೇಳಿದಳು. ಹಾಸ್ಟೆಲ್‌ನಲ್ಲಿ ಯಾರೋ ಹಾಗೆ ಅಂದೂಬಿಟ್ಟಿದ್ದರು. ಕೈ ನೋವಿಗಿಂತ ಆ ಮಾತು ಅವಳನ್ನು ಜಾಸ್ತಿ ಕಾಡಿತ್ತು.

ಎರಡನೇ ಭೇಟಿಯಲ್ಲಿ ಅಣಕು ಪರೀಕ್ಷೆಯ ಅಂಕದ ಮಾತು ಬಂತು. ಅವಳ ಭುಜ ಮೇಲೇರಿತು. ನಾನು ಗಡಿಯಾರ ನೋಡಿ ಉಸಿರು ಎಣಿಸಿದೆ. ನಿಮಿಷಕ್ಕೆ 32. ಸುಮ್ಮನೆ ಕೂತಾಗ 12ರಿಂದ 20 ಇರಬೇಕು. ನೋಡ್ತಾ ನೋಡ್ತಾ ಮಣಿಕಟ್ಟು ಒಳಗೆ ಬಾಗಿತು. ನಾಲ್ಕು ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿದವು, ಹೆಬ್ಬೆರಳು ಅಂಗೈಗೆ ಒತ್ತಿಕೊಂಡಿತು. ರಂಗೋಲಿ ಎಳೆ ಬಿಡುವಾಗ ಕೈ ಹೇಗಿರುತ್ತೆ, ಹಾಗೆ. ಆದರೆ ಕಲ್ಲಿನ ಹಾಗೆ ಗಟ್ಟಿ. ಇದು ನಾಟಕ ಅಲ್ಲ ಅಂತ ನನಗೆ ಖಚಿತವಾಯಿತು.

ನಾನು ಬೆರಳು ಬಿಡಿಸಲು ಹೋಗಲಿಲ್ಲ. ಪಕ್ಕದಲ್ಲಿ ಕೂತು, "ನನ್ನ ಜೊತೆ ನಿಧಾನ ಉಸಿರು ಬಿಡಮ್ಮ, ತೆಗೆದುಕೊಳ್ಳೋ ಚಿಂತೆ ಬೇಡ" ಅಂದೆ. ಕೆಲವೇ ನಿಮಿಷದಲ್ಲಿ ಹೆಬ್ಬೆರಳು ಮೊದಲು ಸಡಿಲವಾಯಿತು.

ಅವಳು ಜೀವಶಾಸ್ತ್ರ ಓದುವ ಹುಡುಗಿ. ಸುಮ್ನೆ "ಟೆನ್ಷನ್ ಮಾಡ್ಕೋಬೇಡ" ಅಂದರೆ ಅದು ಅವಳಿಗೆ ಅವಮಾನ. ಹಾಳೆ ತೆಗೆದು ಚಿತ್ರ ಬರೆದೆ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಬಿಡಿಯಾಗಿ ಓಡಾಡುತ್ತೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಆಲ್ಬುಮಿನ್ ಅನ್ನೋ ಪ್ರೋಟೀನಿಗೆ ಅಂಟಿರುತ್ತೆ. ಜೋರಾಗಿ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತೆ. ರಕ್ತ ಸ್ವಲ್ಪ ಕ್ಷಾರವಾಗುತ್ತೆ. ಆಗ ಬಿಡಿ ಕ್ಯಾಲ್ಸಿಯಂ ಇನ್ನಷ್ಟು ಆಲ್ಬುಮಿನ್‌ಗೆ ಅಂಟಿಕೊಳ್ಳುತ್ತೆ. ಒಟ್ಟು ಲೆಕ್ಕ ಅಷ್ಟೇ, ಬಿಡಿ ಪಾಲು ಕಡಿಮೆ. ಅವಳ ರಿಪೋರ್ಟಿನಲ್ಲಿದ್ದ 9.4 ಒಟ್ಟು ಲೆಕ್ಕ, ಅದೂ ಶಾಂತವಾಗಿದ್ದಾಗ ತೆಗೆದ ರಕ್ತದ್ದು. ರಿಪೋರ್ಟೂ ನಿಜ, ಕೈ ಸೆಟೆದದ್ದೂ ನಿಜ.

ಅವಳು ತಕ್ಷಣ ಕೇಳಿದಳು: "ಸ್ನಾಯು ಸಂಕುಚನಕ್ಕೆ ಕ್ಯಾಲ್ಸಿಯಂ ಬೇಕು ಅಂತ ಓದಿದೀವಿ. ಕಡಿಮೆಯಾದ್ರೆ ಕೈ ಜೋಲು ಬೀಳಬೇಕಲ್ವಾ? ಬಿಗಿಯೋದು ಯಾಕೆ?"

ಎಷ್ಟು ಒಳ್ಳೆಯ ಪ್ರಶ್ನೆ! ಅಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಭಯದ ಜಾಗದಲ್ಲಿ ಕುತೂಹಲ ಕಂಡೆ.

ಕೈಕಾಲಿನ ಸ್ನಾಯುತಂತು ಸಂಕುಚನಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನೊಳಗೇ ಚೀಲಗಳಲ್ಲಿ ಕೂಡಿಟ್ಟಿರುತ್ತೆ. ನರದ ಸಂದೇಶ ಬಂದಾಗ ಆ ಚೀಲ ತೆರೆಯುತ್ತೆ. ಕ್ಯಾಲ್ಸಿಯಂ ಹೋಗಿ ಟ್ರೋಪೋನಿನ್ ಅನ್ನೋ ಪ್ರೋಟೀನ್ ಮೇಲೆ ಕೂರುತ್ತೆ. ಅಡ್ಡವಿದ್ದ ಟ್ರೋಪೋಮಯೋಸಿನ್ ಅನ್ನೋ ಇನ್ನೊಂದು ಪ್ರೋಟೀನ್ ಪಕ್ಕಕ್ಕೆ ಸರಿಯುತ್ತೆ. ಸ್ನಾಯುವಿನ ದಪ್ಪ ಎಳೆಯಾದ ಮಯೋಸಿನ್‌ನ ತಲೆಗಳು ತೆಳು ಎಳೆಯಾದ ಆಕ್ಟಿನ್ ಅನ್ನು ಹಿಡಿದು ಎಳೆಯುತ್ತವೆ. ಕೆಲಸ ಮುಗಿದ ಮೇಲೆ ಎಟಿಪಿ, ಅಂದರೆ ಜೀವಕೋಶದ ಶಕ್ತಿ, ಖರ್ಚು ಮಾಡಿ ಕ್ಯಾಲ್ಸಿಯಂ ಅನ್ನು ಮತ್ತೆ ಚೀಲಕ್ಕೆ ತುಂಬಬೇಕು. ಆಗಲೇ ಸ್ನಾಯು ಸಡಿಲ. ರಕ್ತದಲ್ಲಿ ಬಿಡಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೆ ಈ ದಾಸ್ತಾನಿಗೆ ಕೊರತೆಯಿಲ್ಲ.

ಹೊರಗಿನ ಕ್ಯಾಲ್ಸಿಯಂ ಕೆಲಸ ಬೇರೆ. ನರದ ಗೋಡೆಯಲ್ಲಿ ಸೋಡಿಯಂ ಬರುವ ಬಾಗಿಲುಗಳಿವೆ. ಅವಕ್ಕೆ ಅದು ಚಿಲಕದ ಹಾಗೆ. ಚಿಲಕ ಸಡಿಲವಾದರೆ ಸಣ್ಣ ಗಾಳಿಗೂ ಬಾಗಿಲು ತೆರೆಯುತ್ತೆ ಅಲ್ವಾ? ನರ ತಾನಾಗಿಯೇ ಸಂದೇಶದ ಮೇಲೆ ಸಂದೇಶ ಕಳಿಸುತ್ತೆ. ಸ್ನಾಯು ಪಾಲಿಸುತ್ತೆ.

ಹೃದಯದ ಸ್ನಾಯು ಹೀಗಲ್ಲ, ಅದಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕೇ ಬೇಕು. 1883ರಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯದಲ್ಲಿ ಇದನ್ನು ಕಂಡುಕೊಂಡರು. ಮೊದಲು ದ್ರಾವಣಕ್ಕೆ ನಲ್ಲಿ ನೀರು ಬಳಸಿದ್ದರು, ಹೃದಯ ಬಡಿಯುತ್ತಿತ್ತು. ಬಟ್ಟಿ ಇಳಿಸಿದ ನೀರು ಬಳಸಿದಾಗ ನಿಂತುಹೋಯಿತು. ನಲ್ಲಿ ನೀರಿನ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. ಆಸ್ಪತ್ರೆಯಲ್ಲಿ ಹಾಕುವ ಆರ್‌ಎಲ್ ಡ್ರಿಪ್‌ನಲ್ಲಿ 'ಆರ್' ಅಂದರೆ ಅದೇ ರಿಂಗರ್. ಇದನ್ನು ಹೇಳಿದಾಗ, "ನಂಗೂ ಹಾಕಿದ್ರು!" ಅಂತ ನಕ್ಕಳು.

ನಾನು ಕೊಟ್ಟ ಸಲಹೆ ಇಷ್ಟು. ತುಟಿ ಜುಮ್ಮೆಂದ ಕೂಡಲೇ ಮೂಗಿನಿಂದ ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ. ಚೆನ್ನಾಗಿರುವಾಗಲೂ ದಿನಕ್ಕೆರಡು ಸಲ ಅಭ್ಯಾಸ, ಇಲ್ಲದಿದ್ದರೆ ಬೇಕಾದಾಗ ಬರುವುದಿಲ್ಲ. ಮುಖಕ್ಕೆ ಕವರ್ ಹಿಡಿಯುವುದು ಬೇಡ, ಅಪಾಯ. ತಾಯಿಗೆ ಹೇಳಿದ್ದು: ಸುತ್ತ ಜನ ಸೇರಿಸಬೇಡಿ, ಬೆರಳು ಎಳೆಯಬೇಡಿ. ಪಕ್ಕದ ಮನೆಯವರ ಮಾತು ಕೇಳಿ ಕೊಡುತ್ತಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಡಾಕ್ಟರಿಗೆ ತೋರಿಸಿ ಕೇಳಿ. ಎಚ್ಚರ ತಪ್ಪಿದರೆ, ನಾಲಿಗೆ ಕಚ್ಚಿಕೊಂಡರೆ, ಎದೆ ನೋವು ಬಂದರೆ, ಒಂದೇ ಪಕ್ಕ ಸೋತರೆ ಕಾಯಬೇಡಿ, ನೇರ ಆಸ್ಪತ್ರೆಗೆ. ತಾಯತದ ಬಗ್ಗೆ ನಾನು ಏನೂ ಹೇಳಲಿಲ್ಲ. ಅಜ್ಜಿಯ ಪ್ರೀತಿ ಅದು, ಇರಲಿ.

ಮುಂದಿನ ಅಣಕು ಪರೀಕ್ಷೆಯಲ್ಲಿ ಬಲಗೈ ಜುಮ್ಮೆಂದಿತಂತೆ. ಪೆನ್ ಕೆಳಗಿಟ್ಟು ಉಸಿರು ಬಿಟ್ಟಳು. ಬೆರಳು ಬಿಗಿಯಲಿಲ್ಲ. ನಿದ್ದೆ ಇನ್ನೂ ಸರಿಹೋಗಿಲ್ಲ. ಸೀಟು ಸಿಗದಿದ್ದರೆ ಏನು ಅನ್ನುವ ಮಾತನ್ನು ಅಪ್ಪನ ಜೊತೆ ಆಡುವುದು ಬಾಕಿ ಇದೆ. ಮುಂದಿನ ಶನಿವಾರ ಅವರನ್ನೂ ಬರಹೇಳಿದ್ದೇನೆ.