ಅಮ್ಮನ ಇನ್ಸುಲಿನ್ ಸೂಜಿ ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿ ಹಾಕುವುದು?

ಅಮ್ಮ ಮೈಸೂರಿನಿಂದ ಕ್ಯಾಲಿಫೋರ್ನಿಯಾಗೆ ಬರುತ್ತಿದ್ದಾರೆ, ಬಳಸಿದ ಇನ್ಸುಲಿನ್ ಸೂಜಿಯನ್ನು ಕಸಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಅಲ್ಲಿ 2008ರಿಂದ ಮನೆಯ ಸೂಜಿಯನ್ನು ಮಾಮೂಲಿ ಕಸಕ್ಕಾಗಲಿ ರೀಸೈಕಲ್ ಡಬ್ಬಿಗಾಗಲಿ ಹಾಕುವಂತಿಲ್ಲ. ಅಮೆರಿಕದ ಬೇರೆ ಕೆಲವು ರಾಜ್ಯಗಳಲ್ಲಿ ಗಟ್ಟಿ ಡಿಟರ್ಜೆಂಟ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ ಕಸಕ್ಕೆ ಹಾಕಲು ಬಿಡುತ್ತಾರೆ, ಹಾಗಾಗಿ ಬೇರೆ ರಾಜ್ಯದಲ್ಲಿರುವ ನೆಂಟರ ಮಾತು ಕೇಳಿ ಸುಮ್ನೆ ಹಾಗೇ ಮಾಡಬೇಡಿ.

ಫಾರ್ಮಸಿಯಲ್ಲಿ ಶಾರ್ಪ್ಸ್ ಕಂಟೇನರ್ ಅಂತ ಕೇಳಿ. ಚುಚ್ಚಿದರೂ ತೂತಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಅದು. ಇನ್ಸುಲಿನ್ ಪೆನ್ನಿನಿಂದ ಬಿಚ್ಚಿದ ಸೂಜಿ ನೇರ ಅದರೊಳಗೆ ಹೋಗಲಿ, ಮುಕ್ಕಾಲು ತುಂಬಿದ ಮೇಲೆ ಇನ್ನಷ್ಟು ತುರುಕದೆ ಮುಚ್ಚಿಬಿಡಿ. ಆಮೇಲೆ ನಿಮ್ಮ ಕೌಂಟಿಯ (ಅಲ್ಲಿನ ಜಿಲ್ಲೆ ಇದ್ದ ಹಾಗೆ) ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಬಹುದು, ಅಂಚೆಯಲ್ಲಿ ವಾಪಸ್ ಕಳಿಸುವ ಡಬ್ಬಿಗಳೂ ಇವೆ. ಇವುಗಳಲ್ಲಿ ಯಾವುದು ನಿಮಗೆ ಸಿಗುತ್ತೆ ಅಂತ ಕೌಂಟಿಯವರನ್ನೇ ಕೇಳಿ.

ನಮ್ಮ ಕಡೆಯ ಹಳೇ ಹಾರ್ಲಿಕ್ಸ್ ಬಾಟಲಿ ಅಭ್ಯಾಸ ಬೇಡ, ಗಾಜು ಒಡೆದರೆ ಇನ್ನೂ ಫಜೀತಿ. ಮೈಸೂರಿನಲ್ಲೂ ಅಷ್ಟೇ, ಬೆಳಿಗ್ಗೆ ಕಸದ ಗಾಡಿಗೆ ಕೊಡುವ ಚೀಲದಲ್ಲಿ ಸೂಜಿ ಇದ್ದರೆ ಚುಚ್ಚುವುದು ಪೌರಕಾರ್ಮಿಕರ ಕೈಗೇ ಅಲ್ವಾ?

ವಿಮಾನದಲ್ಲಿ ಇನ್ಸುಲಿನ್, ಸೂಜಿ, ಡಾಕ್ಟರ ಚೀಟಿ ಮೂರೂ ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.