ಬೀದಿ ಹೊಡೆದಾಟಕ್ಕೂ ದೊಂಬಿಗೂ ಕಾನೂನಿನಲ್ಲಿ ಏನು ವ್ಯತ್ಯಾಸ?

ಪೊಲೀಸ್ ತರಬೇತಿಯಲ್ಲಿರುವವರು ಈ ಎರಡನ್ನು ಪದೇ ಪದೇ ಕಲಸುತ್ತಾರೆ. ತಲೆ ಎಣಿಸಿದರೆ ಅರ್ಧ ಗೊಂದಲ ಕಳೆಯುತ್ತದೆ, ಪೂರ್ತಿಯಲ್ಲ.

ಸಂತೆಯಲ್ಲಿ ಜಾಗಕ್ಕಾಗಿ ಇಬ್ಬರು ತರಕಾರಿ ವ್ಯಾಪಾರಿಗಳು ಕೈ ಕೈ ಮಿಲಾಯಿಸಿದರು, ತಕ್ಕಡಿ ಹಾರಿತು, ಕೊಳ್ಳಲು ಬಂದವರು ಚೆಲ್ಲಾಪಿಲ್ಲಿಯಾದರು ಎನ್ನೋಣ. ಇದು ಬೀದಿ ಹೊಡೆದಾಟ, ಭಾರತೀಯ ನ್ಯಾಯ ಸಂಹಿತೆಯ 194ನೇ ಕಲಮಿನ ಅಪರಾಧ. 2024ರ ಜುಲೈ 1ಕ್ಕೆ ಮೊದಲು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 159 ಮತ್ತು 160ನೇ ಕಲಮುಗಳು ಇದ್ದ ಜಾಗ. ಕನಿಷ್ಠ ಇಬ್ಬರು, ಸಾರ್ವಜನಿಕ ಸ್ಥಳ, ಹೊಡೆದಾಟ, ಅದರಿಂದ ಶಾಂತಿಭಂಗ: ನಾಲ್ಕೂ ಬೇಕು. ಬರೀ ಬೈದಾಡಿಕೊಂಡರೆ ಸಾಲದು. ಒಬ್ಬ ಹೊಡೆಯುತ್ತಿದ್ದು ಇನ್ನೊಬ್ಬ ಸುಮ್ಮನೆ ಪೆಟ್ಟು ತಿಂದಿದ್ದರೂ ಈ ಕಲಮು ಕೂಡುವುದಿಲ್ಲ. ಅಲ್ಲಿ ಗಾಯಪಡಿಸಿದ್ದಕ್ಕೆ ಇರುವ 115(2)ನೇ ಕಲಮು ನೋಡಬೇಕು. ಪೆಟ್ಟು ತಿಂದವನನ್ನೂ ಆರೋಪಿಯಾಗಿ ಬರೆದುಕೊಳ್ಳುವ ಚಾಳಿ ಠಾಣೆಗಳಿಗೆ ಶೋಭೆಯಲ್ಲ.

ಶಿಕ್ಷೆ ಒಂದು ತಿಂಗಳವರೆಗಿನ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಕಾನೂನಿನಲ್ಲಿ ದಂಡ ಕೇವಲ 100 ರೂಪಾಯಿ! ಆದರೂ ಅಪರಾಧ ಸಂಜ್ಞೇಯ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನಂತೂ ಹಕ್ಕು.

ದೊಂಬಿಗೆ (191) ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟ, ಸಮಾನ ಉದ್ದೇಶ, ಬಲಪ್ರಯೋಗ ಇರಬೇಕು. ಖಾಸಗಿ ತೋಟದೊಳಗೂ ದೊಂಬಿಯಾಗಬಹುದು. ಆರು ಜನ ಮನಬಂದಂತೆ ಪರಸ್ಪರ ಗುದ್ದಾಡಿದ ಮಾತ್ರಕ್ಕೆ ಅದು ದೊಂಬಿಯಾಗುವುದಿಲ್ಲ. ಬೀದಿ ಹೊಡೆದಾಟದ ಪ್ರಕರಣವಾದರೆ ಮಹಜರಿನಲ್ಲಿ ಸ್ಥಳವನ್ನಷ್ಟೇ ಬರೆದು ನಿಲ್ಲಿಸಬೇಡಿ. ಯಾರು ಹೆದರಿ ಓಡಿದರು, ಯಾವ ಅಂಗಡಿ ಬಾಗಿಲು ಹಾಕಿತು ಎಂಬುದನ್ನು ಸಾಕ್ಷಿಗಳ ಹೇಳಿಕೆಯಲ್ಲಿ ದಾಖಲಿಸಿ. ಶಾಂತಿಭಂಗಕ್ಕೆ ಪುರಾವೆ ಅದೇ.