ಗೇಟಿನ ಹೊರಗೆ ನಿಂತ ಸೊಪ್ಪಿನ ಗಾಡಿ

(ವಿಜಯಪುರದಿಂದ ನಿವೃತ್ತರೊಬ್ಬರು ಪತ್ರ ಬರೆದಿದ್ದಾರೆ. ಊರ ಹೊರಗಿನ ಹೊಸ ಲೇಔಟ್‌ನಲ್ಲಿ ಅವರ ಮನೆ. ದಿನಾ ಬೆಳಿಗ್ಗೆ ಕಸದ ಗಾಡಿಗೆ ಬೀಳುವ ಕೊಳೆತ ಸೊಪ್ಪು, ಅನ್ನ ನೋಡಿ ಹೊಟ್ಟೆ ಉರಿಯುತ್ತದಂತೆ. ಈಗಿನ ಹೆಣ್ಣುಮಕ್ಕಳಿಗೆ ಅಡುಗೆಮನೆಯ ಶಿಸ್ತೇ ಇಲ್ಲ ಎನ್ನುತ್ತಾರೆ. ಉಳಿದದ್ದನ್ನು ಬಡವರಿಗಾದರೂ ಹಂಚಲಿ ಎನ್ನುತ್ತಾರೆ. ನಮ್ಮ ದೇಶದ ಮನೆಗಳಲ್ಲಿ ಎಷ್ಟು ಆಹಾರ ದಂಡವಾಗುತ್ತದೆ ಎಂದೂ ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದರಿಂದ ಹಾಕಿಲ್ಲ.)

ಸರ್, ನಮಸ್ಕಾರ.

ನಿಮ್ಮ ಸಂಕಟ ನನಗೂ ಇದೆ. ಆದರೆ ಬೈಗುಳ ಮಾತ್ರ ಒಪ್ಪಲಾರೆ. ನಿಮ್ಮ ಪತ್ರ ಓದಿದ ಮೇಲೆ ಒಂದು ವಾರ ನಮ್ಮ ಮನೆಯ ಹಸಿ ಕಸದ ಬಕೆಟ್ಟಿಗೆ ಏನೇನು ಬಿತ್ತು ಅಂತ ಹಳೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಮೆಂತ್ಯ ಒಂದೂವರೆ ಸೂಡು. ಕೊತ್ತಂಬರಿ ಇಡೀ ಸೂಡು, ಅದರ ಕವರ್ ಕೂಡ ಬಿಚ್ಚಿರಲಿಲ್ಲ, ಒಳಗೇ ಕಪ್ಪಗಾಗಿ ನೀರು ಬಿಟ್ಟಿತ್ತು. ಮೂರು ಬಾಳೆಹಣ್ಣು. ಭಾನುವಾರದ ಅನ್ನ. ರೊಟ್ಟಿ ಒಂದೂ ಇಲ್ಲ ನೋಡಿ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಮೆತ್ತಗಿನದು ಉಳಿದರೆ ಮರುದಿನ ಮುರಿದು ಒಗ್ಗರಣೆ ಹಾಕಿದರೆ ನಾಷ್ಟಾ ಆಯಿತು. ಇನ್ನು ಆ ಮೆಂತ್ಯ, ಕೊತ್ತಂಬರಿ ತಂದವರು ಯಾರು? ನಾನೇ. ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗುವವನು, ಅಗ್ಗ ಸಿಕ್ಕಿತು ಅಂತ ಚೀಲ ತುಂಬಿಕೊಂಡು ಬರುವವನು.

ಸ್ವಲ್ಪ ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು, ಸೊಪ್ಪೂ ಸೇರಿ. ನಾಲ್ಕು ಜನರ ಮನೆಗೆ ವಾರಕ್ಕೆ 11 ಕೆಜಿ ಮೇಲಾಯಿತು. ನಿಮ್ಮ ಲೇಔಟ್‌ನಿಂದ ಗಾಂಧಿ ಚೌಕಿನ ಕಡೆ ಹೋಗಿ ಇಷ್ಟನ್ನು ಟಂಟಂನಲ್ಲಿ ಹೊತ್ತು ತಂದರೆ, 40 ಡಿಗ್ರಿ ಬಿಸಿಲಲ್ಲಿ ಮನೆ ಮುಟ್ಟುವಷ್ಟರಲ್ಲೇ ಸೊಪ್ಪು ಅರ್ಧ ಬಾಡಿರುತ್ತದೆ. ಬುಧವಾರದ ಹೊತ್ತಿಗೆ ಉಳಿದರ್ಧ ಬಕೆಟ್ಟಿಗೆ. ಗುರುವಾರದಿಂದ ಆಲೂಗಡ್ಡೆ, ಉಳ್ಳಾಗಡ್ಡಿ. ಅಂದರೆ ಸೊಪ್ಪು ದಂಡವಾಗುವುದೂ, ಮನೆಯವರ ತಾಟಿನಲ್ಲಿ ಸೊಪ್ಪು ಇಲ್ಲದಿರುವುದೂ ಒಂದೇ ಕಾರಣಕ್ಕೆ. ಮಾರ್ಕೆಟ್ ದೂರ, ಅದಕ್ಕೇ ಒಮ್ಮೆಲೆ ತರುವುದು.

ನೀವು ಕೇಳಿದ ಅಂಕಿಯೂ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜು: ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಆಹಾರ ಕಸಕ್ಕೆ ಹೋಗುತ್ತದೆ, ದಿನಕ್ಕೆ ಸುಮಾರು 150 ಗ್ರಾಂ. ಗಾಬರಿಯಾಗಬೇಡಿ, ಬಾಳೆಹಣ್ಣಿನ ಸಿಪ್ಪೆ, ಮಾವಿನ ಗೊರಟೆಯೂ ಆ ಲೆಕ್ಕದಲ್ಲಿ ಸೇರಿದೆ.

ಈಗ ನಿಮ್ಮದೇ ಪತ್ರದ ಎರಡನೇ ಪುಟಕ್ಕೆ ಬರುತ್ತೇನೆ. ಲೇಔಟ್ ಎಷ್ಟು ಸ್ವಚ್ಛವಾಗಿದೆ ಅಂತ ಹೇಳುತ್ತಾ, "ತಳ್ಳುಗಾಡಿಯವರನ್ನು ಗೇಟಿನೊಳಗೆ ಬಿಡುವುದಿಲ್ಲ, ಕಮಿಟಿಯಲ್ಲಿ ನಾನೇ ಠರಾವು ಮಾಡಿಸಿದ್ದು" ಎಂದು ಬರೆದಿದ್ದೀರಿ. ಸಿಟ್ಟಾಗಬೇಡಿ, ಆದರೆ ಆ ಸೊಪ್ಪು ಕೊಳೆಯಲು ಶುರುವಾಗಿದ್ದು ಆ ಗೇಟಿನ ಹತ್ತಿರವೇ ಅನ್ನಿಸುತ್ತದೆ. ನಮ್ಮ ಓಣಿಗೆ ಮುಂಜಾನೆ ಏಳಕ್ಕೆ ಒಬ್ಬ ಅಜ್ಜಿ ಬುಟ್ಟಿ ಹೊತ್ತು ಬರುತ್ತಿದ್ದಳು. ಹಕ್ಕರಕಿ, ರಾಜಗಿರಿ, ಪುಂಡಿಪಲ್ಲೆ. ಅಂದಿನದು ಅಂದಿಗೆ. ಅವಳು ಬರುವುದು ನಿಂತ ಮೇಲೆಯೇ ನನ್ನ ಈ ಚೀಲದ ವ್ಯಾಪಾರ ಶುರುವಾಗಿದ್ದು. ಭದ್ರತೆಯ ಚಿಂತೆ ಇದ್ದರೆ ದಾರಿ ಇದೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ, ಅದರಡಿ ಅವರಿಗೆ ಗುರುತಿನ ಚೀಟಿ ಕೊಡುತ್ತಾರೆ. ಚೀಟಿ ನೋಡಿ ಮುಂಜಾನೆ ಒಂದು ತಾಸು ಒಳಗೆ ಬಿಡಿ, ಸಾಕು.

ಬಡವರಿಗೆ ಹಂಚುವ ಮಾತು. ಕೂಲಿಯಿಂದ ಬರುವಾಗ ಹತ್ತು ರೂಪಾಯಿಯ ಸೊಪ್ಪು ಒಯ್ದು ಅಂದೇ ಮುಗಿಸುವ ಮನೆಯಲ್ಲಿ ದಂಡವಾಗಲು ಏನೂ ಇರುವುದಿಲ್ಲ. ಅಕ್ಕಿ ರೇಷನ್ನಿನಲ್ಲಿ ಬರುತ್ತದೆ. ತರಕಾರಿ, ಹಣ್ಣು ಬರುವುದಿಲ್ಲ. ಅಂಥವರಿಗೆ ನಿನ್ನೆಯ ಅನ್ನ ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಪಾಯವೂ ಹೌದು. ಬೇಯಿಸಿದ ಅನ್ನ ಹೊರಗೇ ಇದ್ದರೆ ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ತಾಸಿನೊಳಗೆ ಫ್ರಿಜ್ಜಿಗೆ ಇಡಬೇಕು, ನಮ್ಮ ಬೇಸಿಗೆಯಲ್ಲಿ ಒಂದೇ ತಾಸಿನೊಳಗೆ. ಕೊಡುವುದಾದರೆ ಬಿಸಿ ಇರುವಾಗಲೇ ಕೊಡಿ, ಅಥವಾ ಒಂದು ಸೂಡು ಜಾಸ್ತಿ ಕೊಂಡು ಹಸಿಯದನ್ನೇ ಕೊಡಿ.

ಮನೆಯಲ್ಲಿ ನಾನು ಬದಲಿಸಿದ್ದು ಇಷ್ಟೇ. ಸೊಪ್ಪನ್ನು ಪ್ಲಾಸ್ಟಿಕ್ಕಿನಿಂದ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಬಾಳೆಹಣ್ಣು ಅದರ ಹತ್ತಿರ ಇಡುವುದಿಲ್ಲ, ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಮೊದಲ ಎರಡು ದಿನ ಸೊಪ್ಪು, ಆಮೇಲೆ ಬದನೆ, ಚೌಳಿಕಾಯಿ, ಕೊನೆಗೆ ಗಜ್ಜರಿ.

ಪತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ, ಬೇರೆ ಕೈಬರಹದಲ್ಲಿ ಒಂದು ಸಾಲಿದೆ: "ಮೆಂತೆಪಲ್ಲೆ ಒಣಗಿಸಿ ಇಟ್ರ ನಡೀತದೇನ್ರಿ?" ನಡೀತದ್ರಿ ಅಕ್ಕಾರ. ಎಲೆ ಬಿಡಿಸಿ ತೊಳೆದು, ನೀರು ಪೂರ್ತಿ ಆರಿದ ಮೇಲೆ ನೆರಳಲ್ಲಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ. ಮುಟ್ಟಿದರೆ ಪುಡಿಯಾಗುವಂತಾದಾಗ ಡಬ್ಬಿಗೆ ತುಂಬಿ. ಸಿ ಜೀವಸತ್ವ ಬಹಳಷ್ಟು ಹೋಗುತ್ತದೆ, ಕಬ್ಬಿಣದ ಅಂಶ ಉಳಿಯುತ್ತದೆ. ಬೇಳೆ ಕುದಿಯುವಾಗ ಒಂದು ಹಿಡಿ ತಿಕ್ಕಿ ಹಾಕಿ.

– ಸಂಪಾದಕ